ಕಿಟಕಿಯಲ್ಲಿ ಕೂತ ಸ್ಟೂಲು

ಭಾನುವಾರ ಸಂಜೆ ನಾಲ್ಕು ಗಂಟೆಯೊಳಗೆ ಈ ಮನೆಯನ್ನು ನೋಡಿದವರು ಮೂಗಿನ ಮೇಲೆ ಬೆರಳಿಡುವಂತೆ ಮಾಡದಿದ್ದರೆ ತನ್ನ ಹೆಸರನ್ನೇ ಬದಲಾಯಿಸಿಕೊಳ್ಳುವುದಾಗಿ ಸೊಸೆ ಶನಿವಾರ ಬೆಳಿಗ್ಗೆ ಘೋಷಿಸಿದಳು.

"ಬ್ಯಾಂಕಿನ ಪಾಸ್‌ಬುಕ್ಕಿಂದ ಹಿಡಿದು ಎಲ್ಲದರಲ್ಲೂ ಬದಲಾಯಿಸ್ಬೇಕಾಗುತ್ತೆ, ನೋಡ್ಕೊಂಡು ಮಾತಾಡು" ಎಂದ ಗಂಡ.

ಅವಳ ಆವೇಶಕ್ಕೆ ಕಾರಣವಿತ್ತು. ಚಿನ್ನದ ಬೆಲೆಗೆ ಚರ್ಮದ ಕೈಚೀಲ ಮಾರುವ ಅಂಗಡಿಯೊಂದರ ಕೌಂಟರಿನಲ್ಲಿ ಅವಳು ಒಂಬತ್ತು ವರ್ಷದಿಂದ ನಗುತ್ತಾ ಇದ್ದಳು. ಮನೆಗೆ ಬಂದ ಮೇಲೂ ಆ ನಗು ಕೆಲವೊಮ್ಮೆ ಮುಖದಲ್ಲೇ ಮರೆತು ಉಳಿದುಬಿಡುತ್ತಿತ್ತು. ಈಗ ಅಂಗಡಿಯ ದೊಡ್ಡ ಗಾಜಿನ ಕಿಟಕಿಯನ್ನು ಸಿಂಗರಿಸುತ್ತಿದ್ದವನು ಕೆಲಸ ಬಿಟ್ಟಿದ್ದ. ಆ ಜಾಗದ ಮೇಲೆ ಅವಳಿಗೆ ಆಸೆಯೆಂದರೆ ಅಂತಿಂಥ ಆಸೆಯಲ್ಲ. ಮ್ಯಾನೇಜರ್ ಮೇಡಂ, "ಭಾನುವಾರ ನಾಲ್ಕಕ್ಕೆ ನಿಮ್ಮನೆಗೆ ಟೀ ಕುಡಿಯೋಕೆ ಬರ್ತೀನಿ. ಮನೆ ನೋಡಿದ್ರೆ ಕೈಚಳಕ ಗೊತ್ತಾಗುತ್ತೆ" ಎಂದಿದ್ದರು. ಕೆಲಸ ಸಿಗುವುದೂ ಬಿಡುವುದೂ ಆ ಒಂದು ಟೀಯಲ್ಲಿತ್ತು.

ಒಂಬತ್ತು ವರ್ಷದಲ್ಲಿ ಅವಳು ಕಲಿತ ಮಹಾವಿದ್ಯೆ ಇಷ್ಟೇ: ವಸ್ತುವಿಗೆ ಬೆಲೆ ಬರುವುದು ಅದರ ಸುತ್ತಲಿನ ಖಾಲಿ ಜಾಗದಿಂದ. ಹತ್ತು ಚೀಲ ಒಟ್ಟಿಗೆ ನೇತುಹಾಕಿದರೆ ಅದು ಸಂತೆ; ಒಂದೇ ಚೀಲ ಇಟ್ಟು ಮೇಲಿಂದ ದೀಪ ಬಿಟ್ಟರೆ ಅದು ದರ್ಬಾರು.

ಮಧ್ಯಾಹ್ನದ ಹೊತ್ತಿಗೆ ನಡುಮನೆ ಬೋಳಾಯಿತು. ಟೀವಿ, ಸೋಫಾ, ಪ್ಲಾಸ್ಟಿಕ್ ಕುರ್ಚಿಗಳು, ಇಸ್ತ್ರಿ ಮೇಜು ಎಲ್ಲವೂ ಮಲಗುವ ಕೋಣೆಗೆ ಹೋಗಿ ಒಂದರ ಹೆಗಲ ಮೇಲೊಂದು ಹತ್ತಿದವು. ಕ್ಯಾಲೆಂಡರು ಮಂಚದಡಿ ಸೇರಿತು. ವೈರು ಕಣ್ಣಿಗೆ ಬೀಳಬಾರದೆಂದು ಅವಳ ಮೊಬೈಲು ಚಾರ್ಜರ್ ಸಮೇತ ಕಂಬಳಿ ಪೆಟ್ಟಿಗೆಯೊಳಗೆ ಹೋಯಿತು. ದುಬಾರಿ ಅಂಗಡಿಗಳು ಎಂದೂ ನಂಬರು ನೇತುಹಾಕಿಕೊಳ್ಳುವುದಿಲ್ಲ ಎಂಬ ಜ್ಞಾನೋದಯವಾದದ್ದೇ ತಡ, ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಪಕ್ಕದ ಮನೆ ನಂಬರಿನ ತಗಡನ್ನೂ ಬಿಚ್ಚಿ ಒಳಗಿಟ್ಟಳು.

"ಮೇಡಂ ಬಂದ್ರೆ ಎಲ್ಲಿ ಕೂರ್ತಾರೆ?" ಎಂದು ಗಂಡ ಕೇಳಿದ.

"ಅವರು ಬರೋದು ನೋಡೋಕೆ ರೀ, ಕೂರೋಕಲ್ಲ."

ಬಸ್ ಡ್ರೈವರನಾದ ಅವನು ಡ್ಯೂಟಿಗೆ ಹೊರಡಲು ಕಾಲುಚೀಲ ಹುಡುಕಿದ. ಅವು ಉಂಡೆಯುಂಡೆಯಾಗಿ, ಬಣ್ಣದ ಪ್ರಕಾರ, ಗಾಜಿನ ಬಟ್ಟಲಿನಲ್ಲಿ ವಿರಾಜಮಾನವಾಗಿದ್ದವು.

"ಒಂದು ಜೊತೆ ತಗೊಳ್ಲಾ?"

"ಬೇಡ ರೀ, ಬೂದಿ ಬಣ್ಣ ಕಮ್ಮಿಯಾಗುತ್ತೆ."

ಪಾಪ, ಆ ದಿನ ಅವನು ಬರಿಗಾಲಿಗೇ ಶೂ ಸಿಕ್ಕಿಸಿಕೊಂಡು ಬಸ್ಸು ಓಡಿಸಿದ.

ಉಳಿದದ್ದು ರಸ್ತೆಗೆ ಮುಖ ಮಾಡಿದ ಕಿಟಕಿ. ಅಲ್ಲಿ ಕೂರಿಸುವಂಥ ಘನವಾದ ವಸ್ತು ಮನೆಯಲ್ಲಿ ಒಂದೂ ಇರಲಿಲ್ಲ. ಕೊನೆಗೆ ಅವಳ ಕಣ್ಣು ಅತ್ತೆಯ ಮರದ ಸ್ಟೂಲಿನ ಮೇಲೆ ಬಿತ್ತು. ಅತ್ತೆ ಮೂವತ್ತು ವರ್ಷ ಆ ಸ್ಟೂಲಿನ ಮೇಲೆ ಕೂತು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟವರು. ಕಣ್ಣು ಮಂಜಾಗಿ ಹೊಲಿಗೆ ಮೆಷಿನ್ನು ಬಿಟ್ಟರು, ಸ್ಟೂಲು ಬಿಟ್ಟಿರಲಿಲ್ಲ. ಸೊಸೆ ಅದಕ್ಕೆ ಎಣ್ಣೆ ಹಚ್ಚಿ ಉಜ್ಜಿ, ಕಿಟಕಿಯಲ್ಲಿಟ್ಟು, ಮೇಲೊಂದು ದೀಪ ಹಾಕಿದಳು. ನಿಜ ಹೇಳಬೇಕೆಂದರೆ, ಸ್ಟೂಲು ರಾಜಮನೆತನದ್ದೇನೋ ಅನ್ನುವ ಹಾಗೆ ಕಂಡಿತು.

"ನಾನೆಲ್ಲಿ ಕೂರ್ಲಮ್ಮ?" ಎಂದರು ಅತ್ತೆ.

"ನಾಳೆ ಸಂಜೆ ತನಕ ಅಷ್ಟೇ ಅತ್ತೆ. ಮುಟ್ಟಬೇಡಿ, ಬೆರಳಿನ ಗುರುತು ಬೀಳುತ್ತೆ."

"ಮೂವತ್ತು ವರ್ಷದಿಂದ ಅದರ ಮೇಲೆ ಬಿದ್ದಿರೋ ಗುರುತು ಬೆರಳಿಂದಲ್ಲ ಬಿಡು."

ಭಾನುವಾರ ಮೂರು ಗಂಟೆಗೆ ಸೊಸೆಗೆ ಹೂವಿನ ನೆನಪಾಯಿತು. ಉದ್ದ ಕಾಂಡದ ಬಿಳಿ ಹೂವು, ಅದೂ ಒಂದೇ ಒಂದು. ಹೂವಿನವರೆಲ್ಲ ಕಟ್ಟುಗಟ್ಟಲೆ ಕೊಡಲು ತಯಾರು, ಒಂಟಿ ಹೂವು ಕೊಡಲು ಯಾರೂ ತಯಾರಿಲ್ಲ. ನಾಲ್ಕನೇ ಅಂಗಡಿಯಲ್ಲಿ ಅಂತೂ ಗೆದ್ದು, ನಾಲ್ಕಕ್ಕೆ ಐದು ನಿಮಿಷವಿದೆ ಎನ್ನುವಾಗ ಏದುಸಿರು ಬಿಡುತ್ತಾ ಮನೆ ಮುಟ್ಟಿದಳು. ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಅದರ ಕೆಳಗೆ ಏನೂ ಇರಲಿಲ್ಲ.

"ಅತ್ತೆ, ಸ್ಟೂಲೆಲ್ಲಿ?"

"ಮಾರಿದೆ."

ಅವಳ ಕೈಯಿಂದ ಹೂವು ಜಾರಿತು.

"ಯಾರೋ ಒಬ್ಬಳು ಬಂದು ಬೆಲ್ ಒತ್ತಿ, 'ಕಿಟಕೀಲಿರೋದು ಎಷ್ಟು' ಅಂದ್ಲು" ಎಂದು ಅತ್ತೆ ಗೋಡೆಗೊರಗಿ ನಿಂತೇ ವಿವರಿಸಿದರು. "ಕೊಡಲ್ಲ ಅಂದೆ. ಜಾಸ್ತಿ ಕೊಡ್ತೀನಿ ಅಂದ್ಲು. ಮತ್ತೂ ಕೊಡಲ್ಲ ಅಂದೆ. ಇನ್ನೂ ಜಾಸ್ತಿ ಅಂದ್ಲು. ನಾನೂ ಯೋಚ್ನೆ ಮಾಡ್ದೆ. ಕೂರೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ, ಇಟ್ಕೊಂಡು ಏನು ಪೂಜೆ ಮಾಡ್ಲಾ? ಸರಿ ಅಂದೆ. ಮಗೂನ ಎತ್ಕೊಂಡ ಹಾಗೆ ಎತ್ಕೊಂಡು ಕಾರಲ್ಲಿಟ್ಕೊಂಡು ಹೋದ್ಲು."

ಸೊಸೆಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಇನ್ನೈದು ನಿಮಿಷಕ್ಕೆ ಮೇಡಂ ಬರುತ್ತಾರೆ, ಬಂದರೆ ಬರಿಯ ದೀಪ ನೋಡಬೇಕು. ಅಷ್ಟರಲ್ಲಿ ಕಂಬಳಿ ಪೆಟ್ಟಿಗೆಯೊಳಗಿಂದ ಮೊಬೈಲು ಗುಯ್‌ಗುಟ್ಟಿತು. ಕಂಬಳಿಗಳನ್ನೆಲ್ಲ ಕಿತ್ತೆಸೆದು ಅದನ್ನು ಕಿವಿಗಿಟ್ಟುಕೊಂಡಳು. ಮೇಡಂ.

"ಸಾರಿ ಕಣಮ್ಮ, ಬೇಗ ಬಂದು ನಿಮ್ಮ ಬೀದೀನ ಎರಡು ಸುತ್ತು ಹಾಕ್ದೆ. ಹನ್ನೆರಡಿದೆ, ಹದಿನಾಲ್ಕಿದೆ, ಮಧ್ಯ ಒಂದು ಅಂಗಡಿ ಇದೆ, ಹದಿಮೂರು ಇಲ್ವೇ ಇಲ್ಲ. ಫೋನ್ ಮಾಡಿದ್ರೆ ನೀವು ಎತ್ತಲಿಲ್ಲ, ವಾಪಸ್ ಹೊರಟೆ. ಆದ್ರೆ ಆ ಅಂಗಡೀಲಿ ಎಂಥಾ ಸ್ಟೂಲ್ ಸಿಕ್ತು ಗೊತ್ತಾ? ಆ ಕಿಟಕಿ ಸಿಂಗಾರ ಮಾಡಿದ್ದು ಯಾರು ಅಂತ ಸ್ವಲ್ಪ ವಿಚಾರಿಸಿ. ನಮ್ಮ ಕೆಲಸ ಅವರಿಗೇ ಕೊಡೋಣ ಅಂತಿದ್ದೀನಿ."

ಸೊಸೆ ಗಂಟಲು ಸರಿಮಾಡಿಕೊಂಡಳು. "ಮೇಡಂ, ಅದು ಅಂಗಡಿಯಲ್ಲ. ನಮ್ಮನೆ. ನಂಬರು ನಾನೇ ಬಿಚ್ಚಿಟ್ಟಿದ್ದೆ. ಸಿಂಗಾರ ಮಾಡಿದ್ದೂ ನಾನೇ."

ಆ ಕಡೆಯಿಂದ ಮೇಡಂ ನಕ್ಕರು ನೋಡಿ, ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಹಾಗಾದ್ರೆ ಕಿಟಕಿ ಕೆಲಸ ನಿಮ್ಗೇ, ನಾಳೆಯಿಂದಲೇ."

ಒಂಬತ್ತು ವರ್ಷದ ಆಸೆ! ಸೊಸೆಗೆ ಕುಣಿಯುವಷ್ಟು ಸಂತೋಷವಾಯಿತು. ಖಾಲಿ ಜಾಗದ ಮಹಿಮೆಯ ಬಗ್ಗೆ ನಾಲ್ಕು ಮಾತಾಡಲು ಬಾಯಿ ತೆರೆದಳು.

"ಅದಿರಲಿ" ಎಂದರು ಮೇಡಂ. "ನಿಮ್ಮ ಕಿಟಕಿ ನನ್ನನ್ನ ಬಾಗಿಲ ತನಕ ತಂತು, ಅಷ್ಟೇ. ಕೊಡಲ್ಲ ಕೊಡಲ್ಲ ಅಂತಲೇ ನನ್ನ ಕೈಲಿ ಪರ್ಸ್ ಬಿಚ್ಚಿಸಿದ್ರಲ್ಲ, ಅವರು ಯಾರು?"

"ನಮ್ಮತ್ತೆ ಮೇಡಂ."

"ಒಂಬತ್ತು ವರ್ಷದಲ್ಲಿ ನೀವು ಒಂದು ಸಲಾನೂ ಹಾಗೆ ಮಾರಿಲ್ಲ. ನಿಮ್ಮ ಕೌಂಟರು ಹೇಗೂ ಖಾಲಿ ಆಯ್ತು. ಫೋನ್ ಅವರಿಗೆ ಕೊಡಿ."

ಅತ್ತೆ ಫೋನು ತೆಗೆದುಕೊಂಡು ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡರು. ನಡುಮನೆಯನ್ನು ಒಂದು ಸಲ ಮೂಲೆಯಿಂದ ಮೂಲೆಗೆ ನೋಡಿದರು. ಕೊನೆಗೆ ಹೇಳಿದರು:

"ಆಗ್ಲಮ್ಮ, ನಾಳೆಯಿಂದಲೇ ಬರ್ತೀನಿ. ಸುಮ್ನೆ ಮನೇಲಿ ಕೂತಿರೋಣ ಅಂದ್ರೆ, ನಮ್ಮ ಸೊಸೆ ಕೂರೋಕೆ ಜಾಗ ಎಲ್ಲಿ ಬಿಟ್ಟಿದ್ದಾಳೆ?"