ಸಮುದ್ರ ಸೌತೆಗೆ ಸ್ನಾನ ಮಾಡಿಸಿದ್ದು

ಕೊಳೆ ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಇದನ್ನು ಹೆಚ್ಚುಗಾರಿಕೆಯೆಂದು ಹೇಳಿಕೊಳ್ಳುತ್ತಿಲ್ಲ. ನನ್ನ ಹೆಂಡತಿ ವಿಶಾಲು ಇದನ್ನು ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸುತ್ತಾಳೆ. ಅವಳು ತೊಳೆದಿಟ್ಟ ಲೋಟವನ್ನು ನಾನು ಇನ್ನೊಮ್ಮೆ ತೊಳೆದು ನೀರು ಕುಡಿಯುತ್ತೇನೆ. ತೊಳೆದದ್ದಕ್ಕೆ ಅವಳಿಗೆ ಸಿಟ್ಟಿಲ್ಲ, ಮೊದಲು ಬೆಳಕಿಗೆ ಹಿಡಿದು ನೋಡುತ್ತೇನಲ್ಲ, ಅದಕ್ಕೆ ಸಿಟ್ಟು. ಮಟ್ಟಾಂಚೇರಿಗೆ ಹೋಗುವ ಬೋಟಿನಲ್ಲಿ ಕೂರುವ ಮೊದಲು ಕರವಸ್ತ್ರದಿಂದ ಹಲಗೆ ಒರೆಸುತ್ತಿದ್ದೆ. ಒರೆಸಿ, ಕೊಡವಿ, ಮಡಿಸಿ ಜೇಬಿಗಿಡುವಷ್ಟರಲ್ಲಿ ಬೇರೆ ಯಾರೋ ಅಲ್ಲಿ ಕೂತಿರುತ್ತಿದ್ದರು. ಕೊಚ್ಚಿಯಲ್ಲಿದ್ದ ಅಷ್ಟು ವರ್ಷಗಳಲ್ಲಿ ನಾನು ಕೂತು ಪ್ರಯಾಣ ಮಾಡಿದ್ದಕ್ಕಿಂತ ಪರರಿಗೆ ಜಾಗ ಒರೆಸಿಕೊಟ್ಟದ್ದೇ ಹೆಚ್ಚು. ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮ ಸೌದೆಯನ್ನೂ ತೊಳೆದು, ಒಣಗಿಸಿ, ಆಮೇಲೆ ಒಲೆಗಿಡುತ್ತಿದ್ದಳು. ಅಂಥವಳ ಮಗ ಅರವತ್ತರ ದಶಕದ ಕೊನೆಯಲ್ಲಿ, ಕಡಲ ಜೀವಿಗಳ ಮೇಲೆ ಸಂಶೋಧನೆ ನಡೆಸುವ ಕೊಚ್ಚಿಯ ಒಂದು ಸಣ್ಣ ಸರ್ಕಾರಿ ಕಚೇರಿಗೆ ಹೆಡ್ ಕ್ಲಾರ್ಕ್ ಆಗಿ ಬಂದು ಕೂತ.

ಕಚೇರಿಯ ವಿಜ್ಞಾನಿ ಕಾಸರಗೋಡಿನ ರೈಗಳು. ಅಲ್ಲಿ ಕನ್ನಡ ಮಾತಾಡಲು ಅವರಿಗೆ ನಾನು, ನನಗೆ ಅವರು. ಅವರು ಪುಸ್ತಕ ಓದಿದಂತೆ ಮಾತಾಡುತ್ತಾರೆಂದು ನಾನೂ, ನಾನು ಅರ್ಧ ಮಾತು ನುಂಗುತ್ತೇನೆಂದು ಅವರೂ ತಮಾಷೆ ಮಾಡಿಕೊಂಡು ಚಹಾ ಕುಡಿಯುತ್ತಿದ್ದೆವು. ರೈಗಳು ಸಾಕುತ್ತಿದ್ದದ್ದು ಸಮುದ್ರ ಸೌತೆ ಎಂಬ ಪ್ರಾಣಿ. ಗೇಣುದ್ದ, ದಪ್ಪ, ಮಾಸಲು ಬಣ್ಣ. ಕಣ್ಣಿಲ್ಲ, ಮೂಗಿಲ್ಲ, ಮರಳಿನಲ್ಲಿ ಅರ್ಧ ಹೂತುಕೊಂಡು ಇಡೀ ದಿನ ಬಿದ್ದಿರುತ್ತದೆ. ನೋಡಿದಾಗಲೆಲ್ಲ ನಮ್ಮ ಕಚೇರಿಯ ಒಬ್ಬಿಬ್ಬರ ನೆನಪಾಗುತ್ತಿತ್ತು, ಹೆಸರು ಬೇಡ. ಇದನ್ನು ಬೇಯಿಸಿ, ಒಣಗಿಸಿ, ಹಡಗಿಗೆ ಹಾಕಿ ಪೂರ್ವದೇಶಗಳಿಗೆ ಕಳಿಸುತ್ತಾರಂತೆ, ಅಲ್ಲಿಯವರು ಒಳ್ಳೆಯ ಬೆಲೆ ಕೊಟ್ಟು ತಿನ್ನುತ್ತಾರಂತೆ. ಕಡಲಿನಿಂದ ಹೀಗೇ ಬಾಚುತ್ತ ಹೋದರೆ ಒಂದು ದಿನ ಮುಗಿದುಹೋಗುತ್ತದೆ, ಕೆರೆಯಲ್ಲಿ ಮೀನು ಸಾಕುವಂತೆ ಇದನ್ನೂ ಸಾಕಬೇಕು ಎಂಬುದು ರೈಗಳ ಹಟ. ರಾಮೇಶ್ವರದ ಕಡೆಯಿಂದ ಎರಡು ಸಲ ತರಿಸಿದವು ಸತ್ತಿದ್ದವು. ಮೂರನೆಯ ಸಲದ ಹನ್ನೊಂದು ಮಾತ್ರ ಎಂಟು ತಿಂಗಳಿಂದ ಬದುಕಿದ್ದವು; ಮುಂದಿನ ತೊಟ್ಟಿಯಲ್ಲಿ ಆರು, ಹಿಂದಿನದರಲ್ಲಿ ಐದು. ಮಳೆಗಾಲದಲ್ಲಿ ನಮ್ಮ ಹಿನ್ನೀರು ಸಪ್ಪೆಯಾಗುತ್ತಿದ್ದುದರಿಂದ, ವಲ್ಲಾರ್ಪಾಡಂ ದ್ವೀಪದ ವರ್ಕಿ ಎಂಬ ಹಂಗಾಮಿ ಅಟೆಂಡರ್ ದೋಣಿಯಲ್ಲಿ ಅಳಿವೆಯಾಚೆ ಹೋಗಿ ಪೀಪಾಯಿಗಳಲ್ಲಿ ಉಪ್ಪುನೀರು ತರುತ್ತಿದ್ದ.

ಕರಾವಳಿಯಲ್ಲಿ ಒಂದು ಉಪ್ಪುನೀರಿನ ಕೆರೆ ಬೇಕೆಂದು ಕೇಳಲು ರೈಗಳು ತಿರುವನಂತಪುರಕ್ಕೆ ಹೊರಟರು. ಮೇಲಿನವರು ಒಪ್ಪಬೇಕಾದರೆ ಈ ಪ್ರಾಣಿಗಳು ಕೂಡಿಹಾಕಿದಲ್ಲೂ ಆರೋಗ್ಯವಾಗಿ ಇರುತ್ತವೆಂದು ತೋರಿಸಬೇಕು, ಹತ್ತು ದಿನದಲ್ಲಿ ಅಧಿಕಾರಿಗಳು ನೋಡಲು ಬಂದರೂ ಬರಬಹುದು ಎಂದರು. ರೈಗಳು ಮರಳುವವರೆಗೆ ತೊಟ್ಟಿಗಳ ಉಸ್ತುವಾರಿ ನನ್ನದು. “ದಿನಾ ಒಮ್ಮೆ ನೋಡಿ, ಕಂಡದ್ದು ಬರೆದಿಡಿ ರಾಯರೇ. ಬೇರೆ ಎಂತದೂ ಮಾಡ್ಲಿಕ್ಕಿಲ್ಲ” ಎಂದು ಹೇಳಿ ರೈಲು ಹತ್ತಿದರು.

ಮೊದಲ ದಿನ ನೋಡಿದೆ. ಮುಂದಿನ ತೊಟ್ಟಿಯ ಗೋಡೆಗೆ ಪಾಚಿ, ತಳದಲ್ಲಿ ಕಪ್ಪು ಕೆಸರು, ಪ್ರಾಣಿಗಳ ಮೈಮೇಲೆ ಲೋಳೆ. ಎಂಟು ತಿಂಗಳ ಕೊಳೆ. ಅಧಿಕಾರಿಗಳು ಬಂದು ಇದನ್ನು ನೋಡಿದರೆ ಮಾನ ಹೋಗುವುದು ರೈಗಳದಲ್ಲ, ಕಚೇರಿಯದು ಎನಿಸಿತು. ಎರಡನೆಯ ದಿನ ವರ್ಕಿಯನ್ನು ಕರೆದು, ಪ್ರಾಣಿಗಳನ್ನು ಬಕೆಟ್ಟಿನ ಉಪ್ಪುನೀರಿಗೆ ಹಾಕಿಸಿ, ಮರಳು ತೆಗೆಸಿದೆ. “ಸಾರೇ, ವೇಂಡ” ಎಂದ. ಬೇಡ ಎಂದಷ್ಟೇ; ಹಂಗಾಮಿ ನೌಕರ ಹೆಡ್ ಕ್ಲಾರ್ಕಿಗೆ ಅದಕ್ಕಿಂತ ಉದ್ದವಾಗಿ ಹೇಳುವಂತಿರಲಿಲ್ಲ. ತೊಟ್ಟಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ನಾನೇ ಉಜ್ಜಿದೆ. ಮರಳನ್ನು ಕೊಳಾಯಿ ನೀರಿನಲ್ಲಿ ಏಳು ಸಲ ತೊಳೆದೆ, ಏಳನೆಯ ಸಲ ನೀರು ಕುಡಿಯುವಷ್ಟು ತಿಳಿಯಾಯಿತು. ಆಮೇಲೆ ಹಳೆಯ ಪಂಚೆಯ ಮೆತ್ತಗಿನ ತುಂಡು ತಂದು, ಆರು ಪ್ರಾಣಿಗಳನ್ನೂ ಒಂದೊಂದಾಗಿ ಎತ್ತಿ, ಎಳೆಗೂಸಿಗೆ ಎರೆದಂತೆ ಮೃದುವಾಗಿ ಮೈ ತಿಕ್ಕಿ ಲೋಳೆ ತೆಗೆದೆ. ಹೇಸಿಗೆಯಾಗುತ್ತಿದ್ದರೂ ಆರನ್ನೂ ಮುಗಿಸಿ, ಪೀಪಾಯಿಯ ಉಪ್ಪುನೀರು ತುಂಬಿದ ತೊಟ್ಟಿಗೆ ಮರಳಿ ಬಿಟ್ಟೆ. ಅಂದು ವಿಶಾಲು ನನ್ನನ್ನು ಹಿತ್ತಲಿನಲ್ಲೇ ನಿಲ್ಲಿಸಿ ಎರಡು ಸಲ ಸ್ನಾನ ಮಾಡಿಸಿದ ಮೇಲೆ ಒಳಗೆ ಬಿಟ್ಟಳು.

ಮರುದಿನ ಬೆಳಿಗ್ಗೆ ನೋಡಿದರೆ ತೊಟ್ಟಿಯ ನೀರಿನಲ್ಲಿ ಉದ್ದುದ್ದ ಬಿಳಿಯ ದಾರದಂಥವು ತೇಲುತ್ತಿದ್ದವು. ಒಂದು ಪ್ರಾಣಿಯ ಹಿಂಭಾಗದಿಂದ ಅಂಥದೇ ಇನ್ನೊಂದು ನನ್ನ ಕಣ್ಣೆದುರೇ ಇಳಿಯಿತು. ನನಗೆ ಆದ ಸಂತೋಷ ಹೇಳಲಾರೆ. ಚಿಕ್ಕಂದಿನಲ್ಲಿ ಅಮ್ಮ ತಿಂಗಳಿಗೊಮ್ಮೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದಳು. ಮರುದಿನ ಯಾರಿಗೆ ಎಷ್ಟು ಹುಳು ಬಿತ್ತೆಂದು ಅಡುಗೆಮನೆಯಲ್ಲಿ ವಿಚಾರಣೆ. ಹುಳು ಬಿದ್ದವನಿಗೆ ಊಟಕ್ಕೆ ಒಂದು ಮಿಳ್ಳೆ ತುಪ್ಪ ಹೆಚ್ಚು. ಈ ಬಡಪಾಯಿಗಳಿಗೆ ಎಂಟು ತಿಂಗಳಿಂದ ಯಾರೂ ಆ ಉಪಕಾರ ಮಾಡಿರಲಿಲ್ಲ. ನಾನು ತೊಟ್ಟಿಯ ದಾಖಲೆ ಪುಸ್ತಕ ತೆಗೆದು ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಶುಚಿಗೊಳಿಸಿದ್ದರ ಫಲವಾಗಿ ನಾಲ್ಕು ಪ್ರಾಣಿಗಳ ಹೊಟ್ಟೆಯಿಂದ ಹುಳು ಬಿದ್ದಿವೆ, ಆರೋಗ್ಯದಲ್ಲಿ ಸುಧಾರಣೆ ಕಾಣುತ್ತಿದೆ. ಕೆಳಗೆ ಸಹಿ.

ಸುಧಾರಣೆ ಎರಡು ದಿನ ಬಾಳಿತು. ಆಮೇಲೆ ಅವುಗಳ ಮೈಮೇಲೆ ಬಿಳಿಯ ಕಲೆ ಎದ್ದಿತು, ಕಲೆ ಹುಣ್ಣಾಯಿತು. ಒಂದು ದಿನ ಎರಡು ಪ್ರಾಣಿಗಳು ಕರಗಿ ಗಂಜಿಯಂತಾಗಿದ್ದವು. ಅಷ್ಟರಲ್ಲಿ ರೈಗಳು ಮರಳಿದರು. ಅವರು ಚೀಲ ಕೆಳಗಿಡದೆ ತೊಟ್ಟಿಯ ಬಳಿ ನಿಂತು ನನ್ನ ಪುಸ್ತಕ ಓದಿದರು. ಹುಳುವಿನ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಅದು ಹುಳ ಅಲ್ಲ ಮಾರಾಯ್ರೇ, ಅದರ ಕರುಳು. ಹೆದರಿದರೆ ಕರುಳನ್ನೇ ಹೊರಗೆ ಹಾಕ್ತದೆ. ಸುಮ್ಮನೆ ಬಿಟ್ಟರೆ ಮತ್ತೆ ಬೆಳೀತದೆ.” ಆಗ ಚೀಲ ಕೆಳಗಿಟ್ಟರು. “ಇದಕ್ಕೆ ಡಾಕ್ಟ್ರಿಲ್ಲ, ಮದ್ದಿಲ್ಲ. ಆ ಲೋಳೆಯೇ ಕಾವಲು. ಮರಳಿನ ಕೊಳೆಯೇ ಊಟ. ನೀವು ಎರಡನ್ನೂ ತೊಳೆದಿದ್ದೀರಿ.”

ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಹಿಂದಿನ ತೊಟ್ಟಿಯ ಕೆಸರನ್ನು ಬೊಗಸೆಯಲ್ಲಿ ತಂದು ಮುಂದಿನದಕ್ಕೆ ಹಾಕುತ್ತ ಕೂತರು. ಎಂಟು ತಿಂಗಳು ಒಬ್ಬ ಮನುಷ್ಯ ಕಾದದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಉಜ್ಜಿ ಹಾಕಿದ್ದೆ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಅಧಿಕಾರಿಗಳು ಇತ್ತ ಬರುವ ಬದಲು ವರದಿ ತೆಗೆದುಕೊಂಡು ತಿರುವನಂತಪುರಕ್ಕೇ ಬನ್ನಿ ಎಂದು ಕರೆ ಕಳಿಸಿದಾಗ, ಪುಸ್ತಕದೊಡನೆ ನೀವೂ ಬನ್ನಿ ಎಂದರು ರೈಗಳು. ನಾನು ಹೋದೆ. ಅಲ್ಲಿನ ಚಾಲೈ ಪೇಟೆಬೀದಿಯಲ್ಲಿ ವಿಶಾಲು ತರಲು ಹೇಳಿದ್ದ ಹಿತ್ತಾಳೆ ಚೊಂಬು ಕಣ್ಣಿಗೆ ಬಿದ್ದರೂ ಕೊಳ್ಳುವ ಮನಸ್ಸಾಗಲಿಲ್ಲ.

ದೊಡ್ಡ ಅಧಿಕಾರಿ ಪುಸ್ತಕ ಓದಿ ತಲೆಯೆತ್ತಿದರು. ಈ ಕೆಲಸ ಮಾಡಿದ್ದು ಅಟೆಂಡರೋ ಎಂದು ಕೇಳಿದರು. ಹೌದೆಂದರೆ ನಾನು ಪಾರು, ವರ್ಕಿಯ ನೌಕರಿ ಆ ಸಂಜೆಗೇ ಮುಗಿಯುತ್ತಿತ್ತು. ಇಲ್ಲವೆನ್ನಲು ನನಗೆ ಒಂದು ಕ್ಷಣ ಬೇಕಾಯಿತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. “ವರ್ಕಿ ಬೇಡ ಅಂದ ಸಾರ್. ತೊಳೆದದ್ದು ನಾನು” ಎಂದೆ. ಹಾಗಾದರೆ ಹಿಂದಿನ ತೊಟ್ಟಿಯನ್ನು ಯಾಕೆ ತೊಳೆಯಲಿಲ್ಲ ಎಂದರು. ಬ್ಲೀಚಿಂಗ್ ಪೌಡರ್ ಮುಗಿದಿತ್ತು ಎಂದೆ. ನಿಜವೂ ಅದೇ. ಅವರು ನಗು ತಡೆದುಕೊಂಡು ರೈಗಳ ಕಡೆ ತಿರುಗಿದರು: ಅದೇ ನೀರು, ಅದೇ ಪ್ರಾಣಿ, ತೊಳೆದ ಕಡೆ ರೋಗ, ತೊಳೆಯದ ಕಡೆ ಆರೋಗ್ಯ. ಕೆಸರು ಯಾಕೆ ಬೇಕೆಂದು ನೀವು ಎಷ್ಟು ಬರೆದು ಕಳಿಸಿದರೂ ನಮಗೆ ತಿಳಿದಿರಲಿಲ್ಲ, ಈಗ ತಿಳಿಯಿತು. ಕೆರೆ ಮಂಜೂರಾಯಿತು, ಒಂದು ಷರತ್ತಿನ ಮೇಲೆ.

ಷರತ್ತನ್ನು ಕಚೇರಿಯ ಆದೇಶವಾಗಿ ಹೊರಡಿಸಬೇಕಿತ್ತು. ರೈಗಳು ಕರಡು ಬರೆದು ನನ್ನ ಮೇಜಿನ ಮೇಲಿಟ್ಟು, ಬೇಸರ ಮಾಡಬಾರದು ಎಂದು ಕಿಟಕಿಯ ಕಡೆ ನೋಡುತ್ತ ನಿಂತರು. ಪ್ರಾಣಿಗಳ ಆರೋಗ್ಯದ ಹಿತದೃಷ್ಟಿಯಿಂದ, ಸಂಬಂಧಪಡದ ಸಿಬ್ಬಂದಿ ತೊಟ್ಟಿಯ ಕೋಣೆಗೂ ಕೆರೆಯ ದಂಡೆಗೂ ಹೋಗಕೂಡದು ಎಂದಿತ್ತು. ಇದು ಸಾಲದು ಎಂದೆ ನಾನು. ಉಗ್ರಾಣ ತನ್ನ ವಶದಲ್ಲಿರುವುದರಿಂದ ತನಗೂ ಸಂಬಂಧವಿದೆಯೆಂದು ಹೆಡ್ ಕ್ಲಾರ್ಕ್ ನಾಳೆ ವಾದಿಸಬಹುದು. ಅಂಥವರಿಗೆ ಸಂದು ಬಿಡಬಾರದು. ‘ಮುಖ್ಯವಾಗಿ ಹೆಡ್ ಕ್ಲಾರ್ಕ್’ ಎಂದು ಸೇರಿಸಿ, ಕಾರ್ಬನ್ ಇಟ್ಟು ಮೂರು ಪ್ರತಿ ಟೈಪ್ ಮಾಡಿದೆ. ಒಂದನ್ನು ನೋಟಿಸ್ ಬೋರ್ಡಿಗೆ ಹಚ್ಚಿಸಿದೆ, ಒಂದನ್ನು ಕಡತಕ್ಕೆ ಸೇರಿಸಿದೆ. ಸಂಬಂಧಪಟ್ಟ ವ್ಯಕ್ತಿಗೆ ಕೊಡಬೇಕಾದ ಮೂರನೆಯದನ್ನು ನನಗೆ ನಾನೇ ಕೊಟ್ಟು, ತಲುಪಿದ್ದಕ್ಕೆ ಸಹಿ ತೆಗೆದುಕೊಂಡೆ.