ಎರಡಂತಸ್ತಿನ ವಿಮಾನಕ್ಕೆ ಮಂಗಳಾರತಿ

ಮುದ್ದೇಬಿಹಾಳಕ್ಕೆ ವಿಮಾನ ನಿಲ್ದಾಣವಿಲ್ಲ. ಈ ಕೊರತೆಯನ್ನು ನಮ್ಮ ಮನೆಯ ಮಟ್ಟಿಗಾದರೂ ನೀಗಿಸಬೇಕೆಂದು ಶ್ರಾವಣದ ಒಂದು ಭಾನುವಾರ ನಾನು ಸಂಕಲ್ಪ ಮಾಡಿದೆ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ವಿಮಾನ ಹೇಗೆ ಹಾರುತ್ತದೆಂದು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬರೆದು ತೋರಿಸಿದವನಿಗೆ ಗೇಣುದ್ದದ ಮಾದರಿ ವಿಮಾನವೊಂದನ್ನು ಕಟ್ಟುವುದು ಯಾವ ದೊಡ್ಡ ಕೆಲಸ?

ಕೊರಿಯರ್‌ನಲ್ಲಿ ಡಬ್ಬ ಬಂತು. ಒಳಗೆ ಕಡ್ಡಿಪೆಟ್ಟಿಗೆಗಿಂತ ಹಗುರವಾದ ಮರದ ತುಂಡುಗಳು, ಜೊತೆಗೊಂದು ನಕ್ಷೆ. ಹಳೇ ಕಾಲದ ವಿಮಾನ ಅದು. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಸಣ್ಣ ಕಂಬಗಳು, ಕಂಬದಿಂದ ಕಂಬಕ್ಕೆ ಅಡ್ಡಡ್ಡ ಬಿಗಿದ ತಂತಿಗಳು. ನೋಡಿದ ಕೂಡಲೇ ನನಗೆ ಮೈಯೆಲ್ಲ ಹುರುಪು!

ಮನೆಯಲ್ಲಿ ಅಲುಗಾಡದ ಟೇಬಲ್ ಇದ್ದದ್ದು ಒಂದೇ. ಅದು ನನ್ನ ಹೆಂಡತಿ ಶೈಲಾಳ ಹೊಲಿಗೆ ಮಷೀನಿನದು. ಎರಡೇ ಭಾನುವಾರ ಎಂದು ಮಾತು ಕೊಟ್ಟು ಮಷೀನನ್ನು ನೆಲಕ್ಕಿಳಿಸಿದೆ. ಎರಡು ಭಾನುವಾರ ಎರಡು ತಿಂಗಳಾದವು. ನವರಾತ್ರಿ ಹತ್ತಿರ ಬಂದು ಓಣಿಯ ಹೆಂಗಸರ ಜಂಪರುಗಳೆಲ್ಲ ಹೊಲಿಗೆಗೆಂದು ನಮ್ಮ ಮನೆಯಲ್ಲಿ ಗುಡ್ಡೆ ಬಿದ್ದವು. ಶೈಲಾ ನೆಲದಲ್ಲಿ ಬಗ್ಗಿ ಕೂತು ಹೊಲಿದು ಹೊಲಿದು ಸೊಂಟ ಹಿಡಿದುಕೊಂಡು ಎದ್ದಳು.

“ನೋಡ್ರಿ, ಮಹಾನವಮಿ ಪೂಜಿ ಹೊತ್ತಿಗೆ ಮುಗೀತಂದ್ರ ನಾನೇ ಶೋಕೇಸಿನಾಗ ಇಡ್ತೇನಿ. ಇಲ್ಲಂದ್ರ ಅಟ್ಟಕ್ಕ. ಹಾರ್ಮೋನಿಯಂ ಬಾಜೂಕ ಜಾಗಾ ಐತಿ” ಎಂದಳು.

ನಮ್ಮ ಅಟ್ಟದ ಮೇಲೆ ನಾನು ಕಲಿಯದ ಹಾರ್ಮೋನಿಯಂ ಇದೆ, ಮೀನು ಉಳಿಯದ ಗಾಜಿನ ತೊಟ್ಟಿ ಇದೆ, ಅರ್ಧ ಹೆಣೆದ ಕುರ್ಚಿ ಇದೆ. ಒಟ್ಟಿನಲ್ಲಿ ಅಲ್ಲಿರುವುದು ನನ್ನ ಆತ್ಮಚರಿತ್ರೆ. ಅದಕ್ಕೆ ಇನ್ನೊಂದು ಅಧ್ಯಾಯ ಸೇರಿಸಲು ನನಗೆ ಸುತಾರಾಂ ಮನಸ್ಸಿರಲಿಲ್ಲ. ಈ ಸಲ ಶೋಕೇಸೇ ಎಂದು ಹಟ ತೊಟ್ಟೆ.

ಪಕ್ಕದ ಮನೆಯ ಹುಸೇನಸಾಬರು ಮೋಟರ್ ವೈಂಡಿಂಗ್ ಕೆಲಸದವರು. ದಿನಾ ಬಂದು ಕೆಲಸದ ಪ್ರಗತಿ ಪರಿಶೀಲಿಸುತ್ತಿದ್ದರು.

“ಸರ, ಇದಕ್ಕ್ಯಾಕ್ರಿ ಎರಡು ಅಂತಸ್ತು? ಮ್ಯಾಲಿಂದು ಬಾಡಗಿ ಕೊಡಾಕೇನ್ರಿ?”

ನಾನು ವಿಮಾನದ ಚರಿತ್ರೆಯನ್ನು ಮುಕ್ಕಾಲು ಗಂಟೆ ವಿವರಿಸಿದೆ. ಅವರು ಚಹಾ ಕುಡಿಯುತ್ತ ಪೂರ್ತಿ ಕೇಳಿ, ಅದೆಲ್ಲಾ ಖರೇ, ಆದರೆ ಎರಡಂತಸ್ತು ಯಾಕೆ ಎಂದು ಮತ್ತೆ ಕೇಳಿದರು. ಮನೆಗೆ ಬಂದ ಹಾಲಿನವನೂ ಅದನ್ನೇ ಕೇಳಿದ, ಜಂಪರಿನ ಅಳತೆ ಕೊಡಲು ಬಂದವರೂ ಅದನ್ನೇ ಕೇಳಿದರು.

ನಿಜವಾದ ಕಷ್ಟ ಕೊಟ್ಟದ್ದು ತಂತಿಗಳು. ನಕ್ಷೆಯ ಪ್ರಕಾರ ನಲವತ್ತು ಬೇಕು. ಹೊಲಿಗೆ ದಾರ ಕಟ್ಟಿದೆ, ಬಟ್ಟೆ ಒಣಗಿಸುವ ಹಗ್ಗ ಕಟ್ಟಿದಂತೆ ಕಂಡಿತು. ಹುಸೇನಸಾಬರು ಕೊಟ್ಟ ತಾಮ್ರದ ತಂತಿ ತಂದೆ, ಅದು ಚಂಗನೆ ನೆಟ್ಟಗಾಗಿ ಮೇಲಿನ ರೆಕ್ಕೆಯನ್ನೇ ಕಿತ್ತೊಗೆಯಿತು. ಮೂರು ಸಲ ಅಂಟಿಸಿದೆ, ಮೂರು ಸಲವೂ ಕಿತ್ತಿತು!

ಹೀಗೆ ತಲೆ ಕೆಟ್ಟು ಮುಖ ತೊಳೆಯಲು ಬಚ್ಚಲಿಗೆ ಹೋದಾಗ ನನಗೆ ಜ್ಞಾನೋದಯವಾಯಿತು. ಬಚ್ಚಲ ಕಿಟಕಿಯಲ್ಲಿ ಶೈಲಾ ತಲೆ ಬಾಚಿದಾಗ ಉದುರಿದ ಕೂದಲಿನ ಚೀಲ ತೂಗುತ್ತಿತ್ತು. ಕೂದಲು ತೆಗೆದುಕೊಂಡು ಸ್ಟೀಲಿನ ಡಬ್ಬಿ ಕೊಡುವವನೊಬ್ಬ ನಮ್ಮ ಓಣಿಗೆ ಬರುತ್ತಾನೆ. ರೊಟ್ಟಿ ಇಡುವ ಡಬ್ಬಿಯೊಂದರ ಆಸೆಗೆ ಅವಳು ಯುಗಾದಿಯಿಂದ ಕೂಡಿಡುತ್ತಿದ್ದಳು. ಉದ್ದ, ನಯ, ನವಿರು! ಮೆಹಂದಿ ಹಚ್ಚುವುದರಿಂದ ಕೆಲವು ಎಳೆಗಳಿಗೆ ಹಳೇ ತಂತಿಯಂಥ ಕೆಂಪು ಬಣ್ಣ ಬೇರೆ! ನಲವತ್ತು ಎಳೆ ಹೋದರೆ ಡಬ್ಬಿಯೇನೂ ಚಿಕ್ಕದಾಗುವುದಿಲ್ಲವೆಂದು ನನ್ನ ಮನಸ್ಸಾಕ್ಷಿಗೆ ತಿಳಿಹೇಳಿ ಎಣಿಸಿ ತೆಗೆದುಕೊಂಡೆ.

ಕೊಬ್ಬರಿ ಎಣ್ಣೆಯಿಂದಾಗಿ ಅಂಟು ಹಿಡಿಯಲಿಲ್ಲ. ನಲವತ್ತನ್ನೂ ಶಾಂಪೂ ಹಾಕಿ ತೊಳೆದೆ. ಟೇಬಲ್ಲಿಗೆ ಬೀಳುವ ಕಿಟಕಿ ಬಿಸಿಲಿಗೆ ಪೇಪರಿನ ಮೇಲೆ ಹರಡಿ, ಫ್ಯಾನ್ ಆರಿಸಿ, ಯಾರೂ ಸೀನಬಾರದೆಂದು ಆಜ್ಞೆ ಹೊರಡಿಸಿದೆ. ನನ್ನ ತಲೆಗೇ ಶಾಂಪೂ ಹಾಕುವ ಪ್ರಸಂಗ ಬಂದು ಹತ್ತು ವರ್ಷವಾಗಿತ್ತು. ಟೇಬಲ್ ಯಾಕೆ ಶಾಂಪೂ ವಾಸನೆ ಹೊಡೆಯುತ್ತಿದೆಯೆಂದು ಶೈಲಾ ಕೇಳಿದಾಗ ಅದೊಂದು ವೈಜ್ಞಾನಿಕ ಪ್ರಕ್ರಿಯೆ ಎಂದೆ.

ಮಹಾನವಮಿಯ ಬೆಳಿಗ್ಗೆ ನಲವತ್ತನೆಯ ಎಳೆ ಬಿಗಿದೆ. ಆಹಾ! ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂದವು. ಕಂಬಗಳ ಅಂಟು ಮೂರು ಸಲ ಕಿತ್ತು ಸತ್ವಹೀನವಾಗಿತ್ತು. ಆದರೂ ಕೂದಲಿನ ಬಿಗಿತಕ್ಕೆ ಮೇಲಿನ ರೆಕ್ಕೆ ದಿಮ್ಮಗೆ ನಿಂತಿತ್ತು.

ಅಷ್ಟರಲ್ಲಿ ಇಂಡಿ ಊರಿನಿಂದ ಹಬ್ಬಕ್ಕೆ ಬಂದಿದ್ದ ನಮ್ಮಕ್ಕ ಪೂಜೆಗೆ ಅಣಿ ಮಾಡಿದ್ದಳು. ಮಡಿ ಮೈಲಿಗೆಯ ವಿಷಯದಲ್ಲಿ ಅಕ್ಕ ಬಹಳ ಬಿಗಿ. ಹೊಸ್ತಿಲ ಹೊರಗೆ ಬೈಕು, ಒಳಗೆ ಹೊಲಿಗೆ ಮಷೀನು, ಕತ್ತರಿ, ಈಳಿಗೆ, ಮಿಕ್ಸರ್ ಎಲ್ಲವೂ ವಿಭೂತಿ, ಕುಂಕುಮ, ಚೆಂಡುಹೂ ಧರಿಸಿ ಕೂತಿದ್ದವು. ಅವುಗಳ ನಟ್ಟನಡುವೆ ಒಂದು ಮಣೆ ಹಾಕಿ ನನ್ನ ವಿಮಾನವನ್ನು ಪ್ರತಿಷ್ಠಾಪಿಸಿದೆ. ಇದು ಓಡುವುದೇ ಇಲ್ಲ, ಇದಕ್ಕೇಕೆ ಪೂಜೆ ಎಂದು ಅಕ್ಕ ಕೇಳಿದಳು. ವಾಹನ ಎಂದ ಮೇಲೆ ವಾಹನ ಎಂದೆ. ಹುಸೇನಸಾಬರೂ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದರು. ಶೈಲಾ ಆಗಲೇ ಶೋಕೇಸಿನ ನಡುವಿನ ಹಲಗೆಯಿಂದ ಚಹಾದ ಕಪ್ಪು-ಬಸಿಗಳನ್ನು ತೆಗೆದು ಜಾಗ ಮಾಡಿದ್ದಳು. ಗೆದ್ದೆ!

ಅಕ್ಕ ಕರ್ಪೂರ ಹಚ್ಚಿ ಎಲ್ಲದಕ್ಕೂ ಬೆಳಗುತ್ತ ವಿಮಾನದ ಬಳಿ ಬಂದಳು. ಆರತಿಯ ಬೆಳಕು ಆ ನಲವತ್ತು ಎಳೆಗಳ ಮೇಲೆ ಥಳಥಳ ಹೊಳೆಯಿತು. ಇಂಥ ಫೋಟೋ ಮತ್ತೆ ಸಿಗುವುದುಂಟೆ? ಮೊಬೈಲ್ ಹಿಡಿದು ಮಂಡಿಯೂರಿದೆ.

“ಅಕ್ಕಾ, ಇನ್ನೊಂಚೂರು ಹತ್ರ ತಗೊಂಡ ಬಾ” ಎಂದೆ. ಅಕ್ಕ ಇನ್ನೊಂಚೂರು ಹತ್ತಿರ ತಂದಳು.

ಚುರ್! ಚುರ್! ಚುರ್! ಒಂದರ ಹಿಂದೊಂದು ಎಳೆ ಮುದುಡಿ ಮಾಯವಾಯಿತು. ಮೇಲಿನ ರೆಕ್ಕೆ ಒಂದು ಕ್ಷಣ ಯೋಚಿಸಿತು. ಆಮೇಲೆ ಚೆಂಡುಹೂವಿನ ಮೇಲೆ ಅಡ್ಡಬಿತ್ತು.

ರೆಕ್ಕೆಯ ಕಡೆ ಯಾರೂ ನೋಡಲಿಲ್ಲ. ಮನೆತುಂಬ ಸುಟ್ಟ ಕೂದಲಿನ ಕಮಟು! ಅಕ್ಕ ಗಾಬರಿಯಾಗಿ ತನ್ನ ಜಡೆ ಮುಟ್ಟಿಕೊಂಡಳು. ಶೈಲಾ ತುರುಬು ತಡವಿಕೊಂಡಳು. ಹುಸೇನಸಾಬರು ಬಾಗಿಲಲ್ಲೇ ನಿಂತು ಗಡ್ಡ ಹಿಡಿದು ನೋಡಿಕೊಂಡರು. ಏನೂ ಅರಿಯದವನಂತೆ ನಾನೂ ತಲೆ ಮುಟ್ಟಿಕೊಂಡೆ. ಅಲ್ಲಿ ಸುಡುವಂಥದ್ದು ಏನೂ ಇರಲಿಲ್ಲ.

ಶೈಲಾ ಬಗ್ಗಿ ರೆಕ್ಕೆ ಎತ್ತಿದಳು. ಅದಕ್ಕೆ ಜೋತು ಉಳಿದಿದ್ದ ಒಂದೇ ಒಂದು ಎಳೆಯನ್ನು ಬೆಳಕಿಗೆ ಹಿಡಿದು, ನನ್ನ ಮುಖ ನೋಡಿ, ಬಚ್ಚಲ ಕಡೆ ನೋಡಿ, ಮತ್ತೆ ನನ್ನ ಮುಖ ನೋಡಿದಳು.

“ಅಕ್ಕಾರ, ಇದು ನನ್ನ ಕೂದಲಾರಿ. ಮೆಹಂದಿ ಬಣ್ಣ ನೋಡ್ರಿ.”

ಅಕ್ಕ ಆರತಿ ತಟ್ಟೆಯನ್ನು ಹಾಗೇ ಕೆಳಗಿಟ್ಟಳು.

“ಬಾಚಿ ಒಗದ ಕೂದಲಕ್ಕ ದೇವರ ಮುಂದ ಮಂಗಳಾರತಿ ಮಾಡಸಿದೆಲ್ಲೋ ತಮ್ಮಾ.”

ಮುಂದಿನ ಎರಡು ತಾಸು ಶುದ್ಧೀಕರಣ. ನೆಲ ಸಾರಿಸಿದ್ದಾಯಿತು, ಈಳಿಗೆಗೆ ಸ್ನಾನ, ಕತ್ತರಿಗೆ ಸ್ನಾನ, ಬೈಕಿಗೆ ಎರಡನೇ ಸ್ನಾನ, ನನಗೆ ಮೂರನೇ ಸ್ನಾನ. ಮಿಕ್ಸರ್ ಮಾತ್ರ ಒರೆಸಿಕೊಂಡು ಪಾರಾಯಿತು. ಹೋಳಿಗೆ ತಿನ್ನುವಾಗ ಅಟ್ಟದ ಏಣಿ ನನ್ನನ್ನೇ ದಿಟ್ಟಿಸುತ್ತಿತ್ತು. ನನಗೆ ನಿಜಕ್ಕೂ ದುಃಖವಾಯಿತು.

ಆದರೆ ಊಟವಾದ ಮೇಲೆ ನೋಡಿದರೆ ವಿಮಾನ ಶೋಕೇಸಿನಲ್ಲಿತ್ತು! ಪೂಜೆಯಾದದ್ದನ್ನು ಅಟ್ಟಕ್ಕೆ ಹಾಕಬಾರದೆಂದು ಅಕ್ಕನೇ ತೀರ್ಪು ಕೊಟ್ಟಳಂತೆ. ಮೇಲಿನ ರೆಕ್ಕೆ ಮಾತ್ರ ಇರಲಿಲ್ಲ. ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ವಿಜಯದಶಮಿಗೆ ಬನ್ನಿ ಎಲೆ ಕೊಡಲು ಓಣಿಯೆಲ್ಲ ಮನೆಗೆ ಬಂತು. ಬಂದವರೆಲ್ಲ ಬನ್ನಿ ಕೈಗಿಟ್ಟು ನೇರ ಶೋಕೇಸಿನ ಮುಂದೆ ನಿಂತರು. ಎಷ್ಟು ಚಂದ ಮಾಡೀರಿ ಎಂದರು, ಮಕ್ಕಳನ್ನು ಎತ್ತಿ ತೋರಿಸಿದರು. ಒಬ್ಬರೂ ಏನೂ ಪ್ರಶ್ನೆ ಕೇಳಲಿಲ್ಲ.

ಹುಸೇನಸಾಬರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಈಗ ನೋಡ್ರಿ ಸರ, ಖರೇ ವಿಮಾನ ಆತು. ನಾ ಮೊದಲಿಂದ ಹೇಳಾಕತ್ತಿದ್ದಿಲ್ರಿ?”

ಎರಡು ರೆಕ್ಕೆಯ ಮಹತ್ವವನ್ನು ಎರಡು ತಿಂಗಳು ಊರಿಗೆಲ್ಲ ಬೋಧಿಸಿದ್ದ ನಾನು, “ಹೌದ್ರಿ” ಎಂದೆ.

ಮೇಲಿನ ರೆಕ್ಕೆ ಕೊನೆಗೂ ಸಿಕ್ಕಿತು. ಹೊಲಿಗೆ ಮಷೀನು ತನ್ನ ಟೇಬಲ್ಲಿಗೆ ಮರಳಿದೆ. ಅದರ ಪಕ್ಕದಲ್ಲಿ ಶೈಲಾ ಜಂಪರಿನ ಲೇಸನ್ನೆಲ್ಲ ಆ ರೆಕ್ಕೆಗೆ ಸುತ್ತಿಟ್ಟಿದ್ದಾಳೆ. ಬಂದ ಗಿರಾಕಿಗಳಿಗೆ, ಇದನ್ನು ನಮ್ಮ ಮನೆಯವರು ಲೇಸು ಸುತ್ತಲೆಂದೇ ಎರಡು ತಿಂಗಳು ಕೂತು ಮಾಡಿಕೊಟ್ಟರು ಎಂದು ಹೇಳುತ್ತಾಳೆ. ಇಷ್ಟು ಸಣ್ಣದಕ್ಕೆ ಎರಡು ತಿಂಗಳು ಬೇಕಾಯಿತೇ ಎಂದು ಅವರು ನನ್ನತ್ತ ನೋಡುತ್ತಾರೆ.