ಹುಳದ ಮನೆಯಲ್ಲೊಂದು ಮಂಚ

ಚಲಪತಿಯನ್ನು ಜಗಲಿಗೆ ತಳ್ಳಿದ್ದು ಅವನ ಗೊರಕೆ. ಹೆಂಡತಿ ತನುಜ, ಕಾಲೇಜಿಗೆ ಹೋಗುವ ಮಗಳು ರೂಪ ಇಬ್ಬರೂ ಸೇರಿ ಇದ್ದೊಂದು ಕೋಣೆಯಿಂದ ಅವನ ಚಾಪೆಯನ್ನು ಆಚೆ ಹಾಕಿ ಬಹಳ ಕಾಲವಾಗಿತ್ತು. ಶಿಡ್ಲಘಟ್ಟದ ಮಗ್ಗುಲಿನ ಆ ಊರಿನ ಸೊಳ್ಳೆಗಳಲ್ಲಿ ಅರ್ಧಕ್ಕರ್ಧ ಚಲಪತಿಯ ರಕ್ತದಲ್ಲೇ ಸಂಸಾರ ಮಾಡುತ್ತಿದ್ದವು. ಚಿಕ್ಕಬಳ್ಳಾಪುರದ ಆಫೀಸಿನಲ್ಲಿ ಅವನು ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದನೆಂದರೆ ಅದು ಸೋಮಾರಿತನವಲ್ಲ, ಹಿಂದಿನ ರಾತ್ರಿಯ ಬಾಕಿ.

ಹಾಗಂತ ಮನೆಯಲ್ಲಿ ಜಾಗವಿರಲಿಲ್ಲ ಅಂತಲ್ಲ. ರೇಷ್ಮೆ ಸಾಕುತ್ತಿದ್ದ ಕಾಲದ ಹುಳದ ಮನೆ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಎರಡೂ ಕಡೆ ಕಿಟಕಿ, ಕಿಟಕಿಗೆಲ್ಲ ಸೊಳ್ಳೆಪರದೆ, ಒಳ್ಳೆ ಗಾಳಿ. ರೇಷ್ಮೆ ಬಿಟ್ಟ ಮೇಲೆ ತನುಜ ಅದರಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿದ್ದಳು: ಮುರಿದ ಕುರ್ಚಿ, ತೂತು ಬಿದ್ದ ಡ್ರಮ್ಮು, ರೂಪಳ ತೊಟ್ಟಿಲು, ಗೋಡೆಯುದ್ದಕ್ಕೂ ಚಂದ್ರಿಕೆಗಳು. ಚಂದ್ರಿಕೆಯೆಂದರೆ ಹಣ್ಣಾದ ಹುಳ ಗೂಡು ಕಟ್ಟುವ, ಆಳೆತ್ತರದ ಬಿದಿರಿನ ತಟ್ಟೆ. ಇವೆಲ್ಲದರ ಹಿಂದೆ ಅವನ ಅಪ್ಪನ ಕಾಲದ ಮಂಚ, ಬಿಚ್ಚಿಟ್ಟದ್ದು. ಪ್ರತಿ ದಸರಾಕ್ಕೂ ಚಲಪತಿ ಖಾಲಿ ಮಾಡೋಣ ಅನ್ನುತ್ತಿದ್ದ. ಅದರ ತಂಟೆಗೆ ಹೋಗಬೇಡಿ ಎಂದು ತನುಜ ಬಾಯಿ ಮುಚ್ಚಿಸುತ್ತಿದ್ದಳು. ಕಾರಣ ಕೇಳಿದರೆ ಉತ್ತರವೇ ಇಲ್ಲ.

ಈ ಸಲ ತಾಯಿ ಮಗಳು ಚಿಂತಾಮಣಿಗೆ ನಾಮಕರಣಕ್ಕೆ ಹೊರಟರು. ಬಸ್ಸು ತಿರುವು ದಾಟಿದ್ದೇ ತಡ, ಚಲಪತಿ ತಲೆಗೆ ಟವಲ್ ಸುತ್ತಿದ. ಇವತ್ತು ಆಕಾಶ ಕಳಚಿ ಬಿದ್ದರೂ ಸರಿ, ಸಂಜೆಗೆ ಆ ಮಂಚದ ಮೇಲೆ ಮಲಗಿಯೇ ಸೈ ಎಂದುಕೊಂಡ.

ಎದುರು ಮನೆಯ ಕಲಂದರ್ ಗೂಡಿನಿಂದ ನೂಲು ತೆಗೆಯುವವನು. ಗೂಡು ಬೇಯಿಸುವ ಅವನ ಒಲೆ ಎಷ್ಟು ಸೌದೆ ಹಾಕಿದರೂ ಬೇಡ ಅನ್ನುವಂಥದ್ದಲ್ಲ. ಮರದ್ದೇನಿದ್ದರೂ ನನಗಿರಲಿ ಎಂದು ಅವನು ಕೈಗಾಡಿ ತಂದು ನಿಲ್ಲಿಸಿದ. ಇಬ್ಬರೂ ಏದುಸಿರು ಬಿಡುತ್ತ ಗಾಡಿ ತುಂಬಿದರು. ಗಾಡಿ ಆಚೆ ಹೋಗಿ, ಕೋಣೆ ಬೆಳಕು ಕಂಡು, ಚಲಪತಿ ಮಂಚ ಜೋಡಿಸಲು ಕೂತರೆ ಕಾಲುಗಳೇ ಇಲ್ಲ. ಎದ್ದೆನೋ ಬಿದ್ದೆನೋ ಅಂತ ಓಡಿದ. ಮೂರು ಕಾಲು ಸೌದೆಯ ರಾಶಿಯಲ್ಲಿ ಸಿಕ್ಕವು. ನಾಲ್ಕನೆಯದು ಒಲೆಯೊಳಗೆ ಚೆನ್ನಾಗಿ ಉರಿಯುತ್ತಿತ್ತು.

"ಒಳ್ಳೆ ಮರ ಚಲಪತಣ್ಣ, ಹೊಗೇನೇ ಇಲ್ಲ ನೋಡು," ಎಂದ ಕಲಂದರ್, ನಿಜವಾಗಿಯೂ ಮೆಚ್ಚಿ.

ಚಲಪತಿ ಜಗ್ಗಲಿಲ್ಲ. ನಾಲ್ಕನೆಯ ಕಾಲಿನ ಜಾಗಕ್ಕೆ ಇಟ್ಟಿಗೆ ಕೊಟ್ಟರಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಶ್ಯಾಮಲಮ್ಮ ಬಂದರು. ಅವರ ಹುಳ ಈ ಸಲ ಒಟ್ಟಿಗೇ ಹಣ್ಣಾಗಿ ಚಂದ್ರಿಕೆ ಸಾಲದೆ ಊರೆಲ್ಲ ಸುತ್ತಿ ಬಂದಿದ್ದರು. ಚಲಪತಿಗೆ ದೇವರೇ ಬಂದಷ್ಟು ಸಂತೋಷವಾಯಿತು. "ಅಷ್ಟೂ ತಗೊಂಡೋಗಕ್ಕ, ವಾಪಸ್ ಮಾತ್ರ ತರಬೇಡ," ಎಂದು ತಾನೇ ತಲೆಯ ಮೇಲೆ ಹೊತ್ತು ಅವರ ಅಂಗಳಕ್ಕೆ ಹಾಕಿ ಬಂದ. ಶ್ಯಾಮಲಮ್ಮ ನಿನ್ನ ಹೊಟ್ಟೆ ತಣ್ಣಗಿರಲಪ್ಪ ಎಂದು ಹರಸಿದರು.

ತೂತು ಡ್ರಮ್ಮನ್ನು ಹಿತ್ತಲಿಗೆ ಉರುಳಿಸಿದ ಮೇಲೆ ಉಳಿದದ್ದು ಧೂಳು, ಜೇಡ, ಹಲ್ಲಿ. ಚಲಪತಿ ಗೋಡೆ ಗುಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ನೆಲ ಉಜ್ಜಿ, ಕಿಟಕಿಗಳನ್ನೆಲ್ಲ ತೆರೆದ. ಮಂಚಕ್ಕೆ ಇಟ್ಟಿಗೆ ಕೊಟ್ಟು ಹಾಸಿಗೆ ಹಾಸಿ ಮೈಚಾಚಿದ. ಒಂದೇ ಒಂದು ಸೊಳ್ಳೆಯಿಲ್ಲ. ಸುಖಕ್ಕೆ ಅವನ ಕಣ್ಣಲ್ಲಿ ನೀರೇ ಬಂತು.

ಮೊದಲ ಗೊರಕೆ ಅರ್ಧಕ್ಕೆ ಬಂದಿತ್ತು, ಯಾರೋ ಭುಜ ಅಲುಗಾಡಿಸಿದರು. ಹೊರಗೆ ಜಿಟಿಜಿಟಿ ಮಳೆ. ಮಂಚದ ಪಕ್ಕ ಶ್ಯಾಮಲಮ್ಮ, ಬಾಗಿಲಲ್ಲಿ ಅವರ ಮನೆಯವರೆಲ್ಲ, ಅವರೆಲ್ಲರ ಕೈಯಲ್ಲೂ ಹುಳ ತುಂಬಿದ ಚಂದ್ರಿಕೆ.

"ನಮ್ಮನೇಲಿ ಕಾಲಿಡಕ್ಕೆ ಜಾಗ ಇಲ್ಲ ಕಣಪ್ಪ. ಅಂಗಳದಲ್ಲಿಟ್ರೆ ನೆನೀತವೆ. ನಿನ್ನ ರೂಮು ಖಾಲಿ ಆಯ್ತಂತಲ್ಲ," ಎಂದರು. ಆಮೇಲೆ ಮೂಗೆಳೆದು ವಾಸನೆ ಹಿಡಿದು ಮುಖ ಅರಳಿಸಿದರು. "ಅಯ್ಯೋ ನನ್ನಪ್ಪ, ಹುಳಕ್ಕೆ ಅಂತ ಬ್ಲೀಚಿಂಗ್ ಹಾಕಿ ತೊಳೆದೂ ಇಟ್ಟಿದ್ದೀಯ!"

ಹಣ್ಣಾದ ಹುಳವೆಂದರೆ ಹೆರಿಗೆ ನೋವಿನಲ್ಲಿ ಬಾಗಿಲಿಗೆ ಬಂದ ಹೆಂಗಸಿದ್ದ ಹಾಗೆ. ಜಾಗವಿಲ್ಲ ಅಂದವನಿಗೆ ಆ ಊರಲ್ಲಿ ಮತ್ತೆ ಯಾರೂ ನೀರು ಕೊಡುವುದಿಲ್ಲ. ಇಲ್ಲ ಎನ್ನೋಣವೆಂದರೂ ಕೋಣೆ ಕನ್ನಡಿಯಂತೆ ಹೊಳೆಯುತ್ತ ಖಾಲಿ ನಿಂತಿತ್ತು. ಚಲಪತಿ ದಿಂಬು ಕಂಕುಳಲ್ಲಿಟ್ಟುಕೊಂಡು ಎದ್ದ. ಬೆಳಿಗ್ಗೆ ಅವನೇ ಹೊತ್ತು ಹಾಕಿದ ಚಂದ್ರಿಕೆಗಳು ಒಂದೊಂದಾಗಿ ಬಂದು ಹಳೆಯ ಜಾಗದಲ್ಲೇ ನಿಂತವು. ಜಾಗ ಸಾಲದೆ ಮಂಚವನ್ನೂ ಹಿಡಿದವು.

ಕತ್ತಲಾಗುವ ಹೊತ್ತಿಗೆ ತನುಜ, ರೂಪ ಬಸ್ಸಿಳಿದು ಬಂದರು. ತನುಜ ಹಿತ್ತಲಿಗೆ ಹೋಗಿ ಇಣುಕಿ ನೋಡಿ ಬಂದು ಜಗಲಿಯ ಮೇಲೆ ಗಂಡನ ಪಕ್ಕ ಕೂತಳು.

"ಆ ಹಾಳುಮೂಳೆಲ್ಲ ಯಾಕೆ ತುಂಬಿಟ್ಟಿದ್ದೆ ಅಂತ ಈಗ ಗೊತ್ತಾಯ್ತಾ? ಖಾಲಿ ಇದೆ ಅಂತ ಗೊತ್ತಾದ್ರೆ ಊರ ಹುಳ ಎಲ್ಲ ನಮ್ಮನೇಗೇ ಬರ್ತವೆ ಅಂತ ಕಣ್ರೀ."

"ಮೊದಲೇ ಹೇಳಬಾರದಿತ್ತಾ ನಂಗೆ?" ಚಲಪತಿಯ ದನಿ ಅಳುವಂತಿತ್ತು.

"ನಿಮಗೆ ಹೇಳಿದ್ರೆ ಸಾಯಂಕಾಲಕ್ಕೆ ಶ್ಯಾಮಲಕ್ಕಂಗೆ ಗೊತ್ತಾಗ್ತಿತ್ತು. ಈ ಜಗಲಿ ಮೇಲೆ ನೀವು ಹೇಳದೆ ಉಳಿಸಿರೋದು ಏನಿದೆ?"

ಶ್ಯಾಮಲಮ್ಮನ ಗೂಡು ಬಿಡಿಸುವಷ್ಟರಲ್ಲಿ ತಮ್ಮ ಹುಳ ಹಣ್ಣಾಗುತ್ತದೆ, ಆಮೇಲೆ ಕೋಣೆ ತಮಗಿರಲಿ ಎಂದು ಮೇಲಿನ ಬೀದಿಯವರು ಆಗಲೇ ಹೇಳಿ ಕಳಿಸಿದ್ದರು. ನಾಳೆ ಬೆಳಗಾಗುತ್ತಲೇ ಕಲಂದರ್ ಮನೆಗೆ ಹೋಗಿ, ಸುಡದೆ ಉಳಿದ ಕುರ್ಚಿ, ತೊಟ್ಟಿಲು ಎಲ್ಲ ವಾಪಸ್ ತಂದು ಜೋಪಾನವಾಗಿಡಬೇಕು, ಈ ಗೂಡು ಆಚೆ ಹೋದ ಗಳಿಗೆಯಲ್ಲೇ ಕೋಣೆ ತುಂಬಿಬಿಡಬೇಕು ಎಂದು ಅವನು ಬೆಳಗಿನಷ್ಟೇ ದೃಢವಾಗಿ ನಿಶ್ಚಯಿಸಿದ.

ಚಾಪೆ ಹಾಸಿದ. ಕಿವಿಯ ಬಳಿ ಹಳೆಯ ಗುಂಯ್ ಶುರುವಾಯಿತು. ಸೊಳ್ಳೆಬತ್ತಿ ತೆಗೆದು ಕಡ್ಡಿ ಗೀರಿದನಷ್ಟೆ, ಗೋಡೆಯಾಚೆಯಿಂದ ಶ್ಯಾಮಲಮ್ಮನ ದನಿ ಕೇಳಿಸಿತು.

"ಚಲಪತೀ, ಹೊಗೆ ಹಾಕ್ಬೇಡ ಕಣಪ್ಪ. ಹುಳ ಸಾಯ್ತವೆ."

ಚಲಪತಿ ಕಡ್ಡಿ ಆರಿಸಿದ.